ಶನಿವಾರದ ರೀಚಾರ್ಜು

ಹನ್ನೊಂದು ಗಂಟೆಗೆ ಸೆಲುವಾಯಾಳ ಅಂಗಡಿಯ ಸರದಿಯಲ್ಲಿ ಹದಿನೇಳು ಜನ ನಿಂತಿದ್ದರು. ಆ ಹದಿನೇಳು ಜನರಲ್ಲಿ ಯಾರೋ ಒಬ್ಬರು, ಕಾಣೆಯಾದ ಲೆಸಿಯೇಲಿಯ ನಂಬರಿಗೆ ಇವತ್ತು ಪ್ಲಾನು ಹಾಕಿಸುವವರಿದ್ದರು.

ಹಿಂಬದಿಯ ಪರದೆಯ ಮರೆಯಲ್ಲಿ, ಹಿಟ್ಟಿನ ಮೂಟೆಯ ಮೇಲೆ ಕೂತು ಇನ್ಸ್‌ಪೆಕ್ಟರ್ ಕಲೊಲೈನೆ ಬೆವರುತ್ತಿದ್ದಳು. ಮೇಲೆ ತಗಡಿನ ಮಾಡು, ಪಕ್ಕದಲ್ಲಿ ಉಪ್ಪುಗೋಮಾಂಸದ ಪೀಪಾಯಿ. ಬೆಳಗಿನಿಂದ ಅದರ ವಾಸನೆ ಕುಡಿದು ಕುಡಿದು ಅವಳಿಗೆ ಮಧ್ಯಾಹ್ನದ ಊಟವೇ ಬೇಡವಾಗಿತ್ತು.

ಲೆಸಿಯೇಲಿ ಅವಳ ತಮ್ಮನ ಹೆಂಡತಿ. ಮನೆ ಬಿಟ್ಟು ಇಪ್ಪತ್ತೆಂಟು ದಿನ. 'ನುಕುಆಲೋಫಾದಲ್ಲಿ ಹೋಟೆಲ್ ಕೆಲಸ ಸಿಕ್ಕಿದೆ, ಫೋನಿನ ಮೈಕು ಕೆಟ್ಟಿದೆ, ಮೆಸೇಜು ಮಾಡುತ್ತೇನೆ' ಎಂದು ಅವಳ ನಂಬರಿನಿಂದ ಮಗಳು ವೈಮೋಗೆ ದಿನವೂ ಮೆಸೇಜು. ಆದರೆ ಆ ಫೋನು ದೂರದ ಆ ರಾಜಧಾನಿಗೆ ಹೋಗುವುದಿರಲಿ, ಈ ವವಾಉ ದ್ವೀಪದ ಟವರನ್ನು ಒಂದು ಗಳಿಗೆಯೂ ಬಿಟ್ಟು ಹೋಗಿಲ್ಲವೆಂದು ಕಂಪನಿಯವರ ಕಾಗದ ನಿನ್ನೆ ಬಂದಿತ್ತು. ಅದರಲ್ಲಿ ಇನ್ನೊಂದು ಸಾಲಿತ್ತು. ಪ್ರತಿ ಶನಿವಾರ ಆ ನಂಬರಿಗೆ ಒಂದು ವಾರದ ಪ್ಲಾನು ಬಿದ್ದಿದೆ, ಬಿದ್ದಿದ್ದು ಸೆಲುವಾಯಾಳ ಅಂಗಡಿಯಿಂದ.

"ಯಾರು ಹಾಕಿಸ್ತಿರೋದು, ಹೇಳು" ಎಂದು ನಿನ್ನೆ ಸಂಜೆ ಬಂದು ಕೇಳಿದರೆ ಸೆಲುವಾಯಾ ಬಾಯಿಗೆ ಬೀಗ ಹಾಕಿಕೊಂಡಳು.

"ನನ್ನ ಬಾಯಲ್ಲಿ ಹೇಳಿಸ್ಬೇಡಿ ಮೇಡಂ. ನಾಳೆ ಬಂದು ಪರದೆ ಹಿಂದೆ ಕೂತ್ಕೊಳ್ಳಿ. ನಿಮ್ಮ ಕಣ್ಣಿಂದ ನೀವೇ ನೋಡ್ಕೊಳ್ಳಿ."

"ಪೊಲೀಸರಿಂದ ಮುಚ್ಚಿಟ್ರೆ ನಿನ್ನನ್ನೂ ಒಳಗೆ ಹಾಕ್ತೀನಿ."

"ಹಾಕಿ. ಒಳಗೆ ಫ್ಯಾನಾದ್ರೂ ಇದೆ."

ಯಾಕೆ ಹೇಳಲಿಲ್ಲ ಎನ್ನುವುದು ಕಲೊಲೈನೆಗೆ ಆಗಲೇ ಹೊಳೆಯಬೇಕಿತ್ತು. ಹೊಳೆಯಲಿಲ್ಲ. ಅಥವಾ ಹೊಳೆದದ್ದನ್ನು ಅವಳೇ ತುಳಿದು ಹಾಕಿದಳೋ ಏನೋ.

ಮನುಷ್ಯರ ಗುಣ ತಿಳಿಯಬೇಕೆಂದರೆ ಭಾನುವಾರ ಚರ್ಚಿಗೆ ಹೋಗಿ ಪ್ರಯೋಜನವಿಲ್ಲ. ಅಲ್ಲಿ ಎಲ್ಲರೂ ಮರ್ಯಾದೆಯ ಉಡುಪೆಂದು ಸೊಂಟಕ್ಕೆ ಚಾಪೆ ಸುತ್ತಿಕೊಂಡು ಸಾಧುಗಳಾಗಿರುತ್ತಾರೆ. ಶನಿವಾರ ಈ ಅಂಗಡಿಯಲ್ಲಿ ನಿಲ್ಲಬೇಕು. ನಾಳೆ ಇಡೀ ದೇಶ ಬಾಗಿಲು ಹಾಕಿಕೊಳ್ಳುತ್ತದೆ, ಒಂದು ರೊಟ್ಟಿ ಕೂಡ ಹುಟ್ಟುವುದಿಲ್ಲ. ಅದಕ್ಕೇ ನೇಯಾಫು ಊರಿಗೆ ಊರೇ ಇವತ್ತು ಫೋನು ಹಿಡಿದುಕೊಂಡು ಇಲ್ಲಿಗೆ ಬರುತ್ತದೆ.

"ದಿನದ್ದಾ, ವಾರದ್ದಾ ತಾತ?" ಎಂದಳು ಸೆಲುವಾಯಾ.

"ದಿನದ್ದೇ ಹಾಕವ್ವ. ವಾರ ಪೂರ್ತಿ ಬದುಕ್ತೀನೋ ಇಲ್ವೋ."

"ಹೋದ ವಾರಾನೂ ಇದೇ ಹೇಳಿದ್ರಿ, ಅದರ ಹಿಂದಿನ ವಾರಾನೂ. ದಿನಾ ದಿನದ್ದು ಹಾಕ್ಸೋ ದುಡ್ಡಲ್ಲಿ ಎರಡು ವಾರದ್ದು ಬರುತ್ತೆ."

"ವಾರದ್ದು ಹಾಕ್ಸಿ ಬುಧವಾರ ಸತ್ರೆ, ಮಿಕ್ಕಿದ್ದನ್ನ ನೀನು ವಾಪಸ್ ಕೊಡ್ತೀಯಾ? ದಿನದ್ದೇ ಹಾಕು, ಸುಮ್ನೆ ತಲೆ ತಿನ್ಬೇಡ."

ಅವನ ಹಿಂದೆ ನಿಂತಿದ್ದ ಹುಡುಗಿಗೆ ಆಸ್ಟ್ರೇಲಿಯದ ತೋಟದಲ್ಲಿ ಹಣ್ಣು ಕೀಳಲು ಹೋಗಿರುವ ಗಂಡ. ಮಾತಿನ ಪ್ಲಾನಾ, ನೆಟ್ಟಿನ ಪ್ಲಾನಾ ಎಂದರೆ, "ಮುಖ ಕಾಣೋದು ಹಾಕಿ ಆಂಟಿ" ಎಂದು ನಾಚಿದಳು.

"ಮುಖ ನೋಡ್ಕೊಂಡು ಏನ್ ಮಾಡ್ತೀಯೆ? ದುಡ್ಡು ಕಳಿಸ್ತಾನಾ ನೋಡು ಮೊದ್ಲು."

ಸರದಿ ನಕ್ಕಿತು. ಹುಡುಗಿಯೂ ನಕ್ಕಳು. ಪರದೆಯ ಹಿಂದಿದ್ದ ಕಲೊಲೈನೆ ಮಾತ್ರ ನಗಲಿಲ್ಲ. ತಾನು ಯಾರಿಗಾಗಿ ಕಾಯುತ್ತಿದ್ದೇನೆಂದು ಅವಳಿಗೆ ಒಳಗೊಳಗೇ ಗೊತ್ತಿತ್ತು.

ಆಮೇಲೆ ಸೆಲುವಾಯಾ ದನಿ ಎತ್ತಿದಳು. ನಿನ್ನೆ ಇಬ್ಬರೂ ಮಾತಾಡಿಕೊಂಡಿದ್ದ ಗುರುತು ಅದು.

"ಬರೀ ಮೆಸೇಜಿನ ಪ್ಲಾನಾ? ಮಾತು ಬೇಡ್ವಾ?"

"ಬೇಡ" ಎಂದಿತು ಒಂದು ಗಂಡು ದನಿ, ತಗ್ಗಿಸಿ.

ಕಲೊಲೈನೆ ಪರದೆ ಸರಿಸಿದಳು.

ಕೌಂಟರಿನ ಆಚೆ ಅವಳ ತಮ್ಮ ಮನಾಸೆ ನಿಂತಿದ್ದ. ಕೈಯಲ್ಲಿ ಮೂರು ಪಾಂಗಾ ನೋಟು, ಅಂಗಿಯ ಮೇಲೆ ಮೀನಿನ ಹುರುಪೆ. ಅಕ್ಕನನ್ನು ಕಂಡದ್ದೇ ತಡ, ಕಣ್ಣು ನೆಲಕ್ಕೆ ಬಿತ್ತು. ದುಡ್ಡನ್ನು ಕೌಂಟರಿನ ಮೇಲೆಯೇ ಬಿಟ್ಟು, ಎರಡು ಹೆಜ್ಜೆ ಹಿಂದಕ್ಕೆ ಸರಿದು, ತಲೆ ತಗ್ಗಿಸಿಕೊಂಡು ಅಂಗಡಿಯಿಂದ ಹೊರಗೆ ನಡೆದುಬಿಟ್ಟ.

ಸರದಿಯಲ್ಲಿದ್ದವರು ದಾರಿ ಬಿಟ್ಟರು. ಒಬ್ಬರಿಗೂ ಆಶ್ಚರ್ಯವಾಗಲಿಲ್ಲ. ಇಲ್ಲಿ ಅಕ್ಕ ಬಂದ ಕಡೆಯಿಂದ ತಮ್ಮ ಎದ್ದು ಹೋಗುವುದೇ ಮರ್ಯಾದೆ. "ಒಳ್ಳೆ ಸಂಸ್ಕಾರ" ಎಂದು ಒಬ್ಬಾಕೆ ಪಕ್ಕದವಳಿಗೆ ಹೇಳಿದ್ದೂ ಕೇಳಿಸಿತು.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರೆ. ಇಲ್ಲಿ ಹೆಗಲು ಮುಟ್ಟಿಕೊಂಡವನು ಕಳ್ಳನೋ, ಸಭ್ಯನೋ? ಅವನು ಓಡಿದ್ದು ಪೊಲೀಸಿಗೆ ಹೆದರಿಯೋ, ಅಕ್ಕನಿಗೆ ತಲೆಬಾಗಿಯೋ? ಹದಿನೆಂಟು ವರ್ಷ ಪೊಲೀಸು ಕೆಲಸ ಮಾಡಿದ ಕಲೊಲೈನೆಗೆ ಅದನ್ನು ಹೇಳಲಾಗಲಿಲ್ಲ.

"ಈಗ ಗೊತ್ತಾಯ್ತಾ ನಾನ್ಯಾಕೆ ಹೇಳ್ಲಿಲ್ಲ ಅಂತ?" ಸೆಲುವಾಯಾ ಮೂರು ಪಾಂಗಾವನ್ನು ಮುಟ್ಟದೆ ಹಾಗೇ ಬಿಟ್ಟಿದ್ದಳು. "ಅಕ್ಕನ ಹತ್ರ ಹೋಗಿ ತಮ್ಮನ ಮೇಲೆ ದೂರು ಹೇಳೋಕೆ ನನಗೇನು ಬೇರೆ ಕೆಲಸ ಇಲ್ವಾ?"

"ಪ್ಲಾನು ಹಾಕಿದ್ಯಾ?"

"ಇಲ್ಲ. ನಂಬರ್ ಒತ್ತೋದ್ರಲ್ಲಿದ್ದೆ, ನೀವು ಬಂದ್ರಿ. ಹಳೇದು ಇವತ್ತು ರಾತ್ರಿ ಮುಗಿಯುತ್ತೆ. ಒಂದು ಗಂಟೆಗೆ ನಾನು ಬಾಗಿಲು ಹಾಕ್ತೀನಿ."

"ಮೊದಲ ಸಲ ಬಂದಾಗ ಅವನು ಏನು ಕೇಳಿದ? ಒಂದು ಮಾತೂ ಬಿಡದೆ ಹೇಳು."

ಸೆಲುವಾಯಾ ಸರದಿಗೆ ಬೆನ್ನು ತಿರುಗಿಸಿ ದನಿ ಇಳಿಸಿದಳು. "ಮೆಸೇಜ್ ಬಿಟ್ಟು ಬೇರೇನೂ ಇಲ್ದಿರೋ ಪ್ಲಾನ್ ಯಾವುದಿದೆ ಅಂದ. ಅಯ್ಯೋ, ಅದನ್ನ ಯಾರೂ ಹಾಕ್ಸಲ್ಲ ಕಣಪ್ಪ, ಮೂರು ಪಾಂಗಾ ದಂಡ ಅಂದೆ. ಲೆಸಿಯೇಲಿ ನಂಬರಿಗೆ ಅಂದಾಗ ನಾನೇ ಬುದ್ಧಿ ಹೇಳ್ದೆ. ಇನ್ನೊಂದು ಪಾಂಗಾ ಸೇರಿಸಿದ್ರೆ ಮುಖ ಕಾಣೋ ಪ್ಲಾನು ಬರುತ್ತೆ, ಮಗು ತಾಯಿ ಮುಖ ನೋಡುತ್ತೆ, ಅದನ್ನ ಹಾಕ್ಸು ಅಂದೆ."

"ಅದಕ್ಕೆ?"

"ಬೇಡ ಅಂದ. ಜೇಬಲ್ಲಿ ದುಡ್ಡಿತ್ತು ಮೇಡಂ, ನಾನೇ ನೋಡ್ದೆ. ಆದ್ರೂ ಬೇಡ ಅಂದ."

ಕಲೊಲೈನೆ ಕೌಂಟರಿನ ಮೇಲಿದ್ದ ಮೂರು ನೋಟುಗಳನ್ನು ನೋಡಿದಳು.

ಒಂದು ಪಾಂಗಾ. ಒಂದು ತೆಂಗಿನಕಾಯಿಗೆ ಕೊಡುವಷ್ಟು. ಒಂಬತ್ತು ವರ್ಷದ ಮಗಳಿಗೆ ತಾಯಿಯ ಮುಖ ತೋರಿಸಲು ಒಂದು ಪಾಂಗಾ ಬೇಡ ಎನ್ನುವ ಅಪ್ಪ ಎರಡೇ ಬಗೆಯವನಾಗಿರಬೇಕು. ಜಿಪುಣ, ಇಲ್ಲವೇ ತೋರಿಸಲು ಮುಖವೇ ಉಳಿದಿಲ್ಲವೆಂದು ಗೊತ್ತಿರುವವನು. ಮನಾಸೆ ಜಿಪುಣನಲ್ಲ. ಹಿಡಿದ ಮೀನಿನಲ್ಲಿ ಅರ್ಧ ಹಂಚಿಯೇ ಮನೆಗೆ ಬರುವವನು.

ಸತ್ತವಳ ಹೆಸರಿನಲ್ಲಿ ಮೆಸೇಜು ಬರೆಯಬಹುದು. ಅವಳ ದನಿಯಲ್ಲಿ ಮಾತಾಡಲು ಬರುವುದಿಲ್ಲ.

ಸೋಮವಾರ ರಾಜಧಾನಿಯಿಂದ ಇಬ್ಬರು ಅಧಿಕಾರಿಗಳು ಬರುತ್ತಾರೆ. ಕಂಪನಿಯ ಕಾಗದ ಓದುತ್ತಾರೆ, ಸೆಲುವಾಯಾಳನ್ನು ಕೂಗುತ್ತಾರೆ, ಹತ್ತು ನಿಮಿಷದಲ್ಲಿ ಗಂಡನ ಕೈಗೆ ಕೋಳ ಹಾಕುತ್ತಾರೆ. ತಾಯಿ ಇಲ್ಲದ ವೈಮೋಗೆ ಅಪ್ಪನೂ ಇರುವುದಿಲ್ಲ. ಅವನೇ ಮಾಡಿದ್ದರೆ ಆ ಕೋಳವನ್ನು ತಾನೇ ಹಾಕಬೇಕು. ಮಾಡಿರದಿದ್ದರೆ ಸೋಮವಾರದೊಳಗೆ ಮಾಡಿದವರನ್ನು ಹುಡುಕಬೇಕು. ಇವೆರಡರಲ್ಲಿ ಯಾವುದಾಗಬೇಕಾದರೂ ಅವನನ್ನು ಕೇಳಲೇಬೇಕು. ಯೋಚನೆಯೆಲ್ಲ ಅಲ್ಲಿಗೇ ಬಂದು ನಿಲ್ಲುತ್ತಿತ್ತು.

ಬೇರೆ ಯಾರ ಗಂಡನಾಗಿದ್ದರೂ ಮೊದಲ ದಿನವೇ ಎದುರಿಗೆ ಕೂರಿಸಿಕೊಂಡು ಬೆವರಿಳಿಸುತ್ತಿದ್ದಳು. ಇವನ ಹೇಳಿಕೆ ಬರೆದುಕೊಳ್ಳಲು ಕಾನ್‌ಸ್ಟೆಬಲ್ ಉಹಿಲಾನನ್ನು ಕಳಿಸಿದ್ದಳು. ಅವನು ನಾಲ್ಕು ಸಾಲು ಬರೆದು ತಂದ: ನನಗೇನೂ ಗೊತ್ತಿಲ್ಲ, ಬೆಳಿಗ್ಗೆ ಎದ್ದಾಗ ಅವಳಿರಲಿಲ್ಲ, ಜಗಳವಾಗಿತ್ತು, ಮತ್ತೇನೂ ಇಲ್ಲ. 'ಯಾಕೆ ಜಗಳ?' ಎಂದು ಉಹಿಲಾ ಕೇಳಲಿಲ್ಲ, ಮೇಡಮ್ಮನ ತಮ್ಮ ಎಂದು. ಕಲೊಲೈನೆಯೂ ಕೇಳಲಿಲ್ಲ, ತನ್ನ ತಮ್ಮ ಎಂದು.

ಮರ್ಯಾದೆಯಂತೆ, ಮರ್ಯಾದೆ! ಆ ಮರ್ಯಾದೆಗೆ ಇಪ್ಪತ್ತೆಂಟು ದಿನ ಬಲಿಯಾಗಿತ್ತು. ಅವಳಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು.

"ಅದನ್ನ ಹಾಗೇ ಇಟ್ಟಿರು" ಎಂದು ಮೂರು ಪಾಂಗಾ ತೋರಿಸಿ ಅಂಗಡಿಯಿಂದ ಹೊರಬಿದ್ದಳು.

ಮನಾಸೆಯ ದೋಣಿ ಶೆಡ್ಡು ಬಂದರಿನ ಕೆಳದಾರಿಯಲ್ಲಿದೆ. ಅದರ ಎದುರಿಗೆ, ರಸ್ತೆಯಾಚೆ ಅವರಿಬ್ಬರ ಅಮ್ಮ ಟೊಕಿಲುಪೆಯ ಮನೆ. ಅಂಗಳದ ದೀವಿಹಲಸಿನ ಮರದಡಿ ಏಳೆಂಟು ಹೆಂಗಸರು ಮರದ ದಿಮ್ಮಿಯ ಸುತ್ತ ಕೂತು, ಬಡಿಗೆಯಿಂದ ತೊಗಟೆ ಬಡಿದು ಬಟ್ಟೆ ಮಾಡುತ್ತಿದ್ದರು. ಟಕ್ ಟಕ್, ಟಕ್ ಟಕ್. ಅಮ್ಮ ದಿಮ್ಮಿಯ ತಲೆಯ ಕಡೆ ಕೂತಿದ್ದರು. ಮೂವತ್ತು ವರ್ಷ ಹೆಣ್ಣುಮಕ್ಕಳ ಶಾಲೆಗೆ ಹೆಡ್ ಮೇಡಂ ಆಗಿದ್ದವರು. ಈಗಲೂ ಅವರು ಕೆಮ್ಮಿದರೆ ಹೆಂಗಸರು ಬೆನ್ನು ನೆಟ್ಟಗೆ ಮಾಡುತ್ತಾರೆ. ಲೆಸಿಯೇಲಿ ಹೋದಂದಿನಿಂದ ವೈಮೋ ಉಣ್ಣುವುದು ಮಲಗುವುದು ಎಲ್ಲ ಅಜ್ಜಿಯ ಹತ್ತಿರ.

ಮನಾಸೆಗೆ ಹನ್ನೆರಡು ತುಂಬಿದ ದಿನ ಅವನ ಚಾಪೆ ದಿಂಬನ್ನು ಹೊರಗಿನ ಗುಡಿಸಿಲಿಗೆ ಹಾಕಿಸಿದ್ದು ಈ ಅಮ್ಮನೇ. ಅಕ್ಕ ಇರುವ ಸೂರಿನಡಿ ತಮ್ಮ ಮಲಗಬಾರದು, ಅವಳೆದುರು ನಗಬಾರದು, ಹಗುರ ಮಾತು ಆಡಬಾರದು. ಬೇರೆ ಮನೆಗಳಲ್ಲಿ ಈಗ ಇದೆಲ್ಲ ಸಡಿಲವಾಗಿದೆ. ಟೊಕಿಲುಪೆಯ ಮನೆಯಲ್ಲಿ ಆಗಿಲ್ಲ. ಇಪ್ಪತ್ತಾರು ವರ್ಷದಿಂದ ಅಕ್ಕ ತಮ್ಮ ಎದುರುಬದುರು ಕೂತು ನಾಲ್ಕು ಮಾತಾಡಿದವರಲ್ಲ. ಏನಿದ್ದರೂ ಲೆಸಿಯೇಲಿ ಆಚೆಯಿಂದ ಈಚೆಗೆ, ಈಚೆಯಿಂದ ಆಚೆಗೆ ಮುಟ್ಟಿಸುತ್ತಿದ್ದಳು. "ನೀವಿಬ್ಬರೂ ನನಗೆ ಸಂಬಳ ಕೊಡ್ಬೇಕು ಅತ್ತಿಗೆ" ಎಂದು ನಗುತ್ತಿದ್ದಳು.

ಕಲೊಲೈನೆ ಅಂಗಳದ ಕಡೆ ನೋಡದೆ ನೇರ ಶೆಡ್ಡಿನ ಬಾಗಿಲಿಗೆ ಹೋದಳು.

ಮನಾಸೆ ಎಂಜಿನ್ ಬಿಚ್ಚಿಕೊಂಡು ಕೂತಿದ್ದ. ನೆರಳು ಕಂಡು ಎದ್ದ. ಹೊರಗೆ ಹೋಗಲು ಇದ್ದದ್ದು ಒಂದೇ ಬಾಗಿಲು, ಅದರಲ್ಲಿ ಅಕ್ಕ ನಿಂತಿದ್ದಳು.

"ಕೂತ್ಕೋ."

"ಅಕ್ಕ, ನಾನು ಆಚೆ ಹೋಗ್ತೀನಿ, ನೀವು..."

"ಕೂತ್ಕೋ ಅಂದೆ. ಇಲ್ಲಿ ಬಂದಿರೋದು ಅಕ್ಕ ಅಲ್ಲ, ಪೊಲೀಸು."

ಅವನು ಕೂತ. ಆದರೆ ಗೋಡೆಯ ಕಡೆ ತಿರುಗಿ ಕೂತ. ಅವಳಿಗೆ ಕಂಡದ್ದು ಅವನ ಬೆನ್ನು, ಬಿಸಿಲಿಗೆ ಸುಟ್ಟ ಕತ್ತು, ಎಣ್ಣೆಯಾದ ಕೈ. ಹೀಗೆ ಬೆನ್ನಿಗೆ ಪ್ರಶ್ನೆ ಕೇಳುವ ಕಷ್ಟ ಯಾವ ಪೊಲೀಸರಿಗೂ ಬರಬಾರದು.

"ಲೆಸಿಯೇಲಿ ನಂಬರಿಗೆ ಪ್ಲಾನು ಹಾಕಿಸ್ತಿರೋದು ಯಾಕೆ?"

ಅವನು ಸ್ಪಾನರ್ ಕೈಗೆತ್ತಿಕೊಂಡ.

"ಫೋನು ಎಲ್ಲಿದೆ ಮನಾಸೆ?"

"ನನ್ನ ಹತ್ರ ಇಲ್ಲ."

"ಇಲ್ದೇ ಇರೋ ಫೋನಿಗೆ ನಾಲ್ಕು ವಾರದಿಂದ ದುಡ್ಡು ಸುರೀತಿದ್ದೀಯಾ? ಅದೂ ಮಾತಿಲ್ದಿರೋ ಪ್ಲಾನು. ಮಗು ತಾಯಿ ದನಿ ಕೇಳ್ಬಾರ್ದು, ಮುಖ ನೋಡ್ಬಾರ್ದು, ಅಲ್ವಾ? ಮೆಸೇಜ್ ಬರೀತಿರೋದು ನೀನೇನಾ?"

"ಅಕ್ಕ!"

"ಅವಳನ್ನ ಏನು ಮಾಡ್ದೆ?"

ಸ್ಪಾನರ್ ನೆಲಕ್ಕೆ ಬಿತ್ತು. ಆಮೇಲೆ ಅವನು ನಕ್ಕ. ಅಂಥ ನಗುವನ್ನು ಅವಳು ಯಾವತ್ತೂ ಕೇಳಿರಲಿಲ್ಲ.

"ನನ್ನನ್ನ ಕೇಳ್ತೀರಾ? ನೀವು? ನನ್ನನ್ನ?"

"ಹೂಂ, ನಿನ್ನನ್ನೇ."

"ಚೆನ್ನಾಗಿದೆ ಅಕ್ಕ, ಬಹಳ ಚೆನ್ನಾಗಿದೆ. ಬಚ್ಚಿಟ್ಟವರೇ ಬಂದು ಎಲ್ಲಿ ಅಂತ ಕೇಳೋದು. ಯೂನಿಫಾರ್ಮ್ ಹಾಕ್ಕೊಂಡು ನಾಟಕ ಆಡೋ ಹಾಗಿದ್ರೆ ಊರ ಮುಂದೆ ಆಡಿ, ನನ್ನ ಶೆಡ್ಡಲ್ಲಿ ಯಾಕೆ?"

"ಏನು ಮಾತಾಡ್ತಿದ್ದೀಯ?"

"ನಾನು ತಪ್ಪು ಮಾಡ್ದೆ. ಒಪ್ಕೋತೀನಿ. ಹಿಂದಿನ ದಿನ ಸಂಜೆ ಅವಳ ಮೇಲೆ ಕೈ ಎತ್ತಿದೆ. ಕುಡಿದಿರ್ಲಿಲ್ಲ, ನೆಪ ಹೇಳಲ್ಲ. ಕೆನ್ನೆಗೆ ಹೊಡ್ದೆ. ಹದಿಮೂರು ವರ್ಷದಲ್ಲಿ ಒಂದೇ ಸಲ. ಬೆಳಿಗ್ಗೆ ಅವಳಿರ್ಲಿಲ್ಲ." ಅವನು ಎಣ್ಣೆಯ ಕೈಯನ್ನು ಅಂಗಿಗೆ ಒರೆಸಿಕೊಂಡ. "ಅಕ್ಕ ಅವಳನ್ನ ಕರ್ಕೊಂಡ್ ಹೋಗಿ ಕಾಪಾಡ್ತಿದಾರೆ, ನನಗೆ ಶಿಕ್ಷೆ ಕೊಡ್ತಿದಾರೆ, ಕೊಡ್ಲಿ, ನಾನು ಅದಕ್ಕೆ ತಕ್ಕವನೇ ಅಂತ ಸುಮ್ನಿದ್ದೆ. ನೀವು ಹೇಳಿದ ಹಾಗೆಲ್ಲ ಕೇಳ್ದೆ. ಆದ್ರೆ ಮಗು ಏನು ಮಾಡಿತ್ತು ಅಕ್ಕ? ರಾತ್ರಿ ಫೋನ್ ಕೆನ್ನೆ ಕೆಳಗೆ ಇಟ್ಕೊಂಡು ಮಲಗ್ತಾಳೆ ವೈಮೋ. ಅಮ್ಮ ಯಾಕೆ ಮಾತಾಡಲ್ಲ ಅಂತ ಕೇಳ್ತಾಳೆ. ಒಂದು ಪಾಂಗಾ ಜಾಸ್ತಿ ಹಾಕಿ ಅವಳಿಗೆ ಅಮ್ಮನ ಮುಖ ತೋರ್ಸೋಣ ಅಂತ ಕೈ ಜೇಬಿಗೆ ಹೋಗಿತ್ತು. ಅಕ್ಕನ ಮಾತು ಮೀರ್ಬಾರ್ದು ಅಂತ ವಾಪಸ್ ತೆಗ್ದೆ!"

ಕಲೊಲೈನೆ ಬಾಗಿಲ ಚೌಕಟ್ಟು ಹಿಡಿದುಕೊಂಡಳು.

"ನಾನು ನಿನಗೆ ಏನೂ ಹೇಳಿಲ್ಲ."

"ಅದನ್ನೂ ಬರ್ದಿದ್ರಿ. ನನ್ನ ಎದುರು ಈ ಮಾತು ಎತ್ತಬೇಡ ಅಂತ."

ಅವನು ಜೇಬಿನಿಂದ ಫೋನು ತೆಗೆದು, ತಿರುಗಿ ನೋಡದೆ, ಕೈಯನ್ನಷ್ಟೇ ಹಿಂದಕ್ಕೆ ಚಾಚಿದ. ಅವಳು ತೆಗೆದುಕೊಂಡಳು. ಪರದೆ ಒಡೆದ ಹಳೆಯ ಫೋನು. ಮೆಸೇಜುಗಳ ಸಾಲಿನಲ್ಲಿ ಮೇಲಿನದೇ 'ಅಕ್ಕ'.

ಮೊದಲ ಮೆಸೇಜು ಲೆಸಿಯೇಲಿ ಹೋದ ದಿನದ್ದು, ಸಂಜೆ ಆರು ಗಂಟೆಯದು.

'ಲೆಸಿಯೇಲಿ ಕ್ಷೇಮವಾಗಿದ್ದಾಳೆ. ಎಲ್ಲಿ ಎಂದು ಕೇಳಬೇಡ, ಹುಡುಕಬೇಡ, ಅವಳಿಗೆ ಫೋನು ಮಾಡಬೇಡ. ಪ್ರತಿ ಶನಿವಾರ ಅವಳ ನಂಬರಿಗೆ ಮೆಸೇಜಿನ ಪ್ಲಾನು ಮಾತ್ರ ಹಾಕಿಸು. ಬೇರೆ ಯಾವುದೂ ಬೇಡ. ಪೊಲೀಸರು ಕೇಳಿದರೆ ಗೊತ್ತಿಲ್ಲ ಎನ್ನು. ನನ್ನ ಎದುರು ಈ ಮಾತು ಎತ್ತಬೇಡ. ನಾವು ಅಕ್ಕ ತಮ್ಮ.'

ಅದರ ಕೆಳಗೆ ನಾಲ್ಕು, ಪ್ರತಿ ಶುಕ್ರವಾರ ಒಂದೊಂದು. 'ನಾಳೆ ಮರೆಯಬೇಡ.' ಕೊನೆಯದು ನಿನ್ನೆಯದು.

ಕಲೊಲೈನೆ ಎರಡು ಸಲ ಓದಿದಳು. ದೋಣಿಯ ಅಂಚಿನ ಮೇಲೆ ಕೂತಳು. ತಮ್ಮನ ಜೊತೆ ಒಂದೇ ಸೂರಿನಡಿ ಕೂತದ್ದು ಅವಳ ಗಮನಕ್ಕೂ ಬರಲಿಲ್ಲ.

ಎಂಥಾ ಲೆಕ್ಕಾಚಾರ! ಬರೆದವರಿಗೆ ಈ ಮನೆ ಅಂಗೈಯ ಗೆರೆಯಷ್ಟು ಗೊತ್ತು. ಲೋಕದ ಇನ್ಯಾವ ಗಂಡನಾದರೂ ಇಂಥ ಮೆಸೇಜು ಬಂದರೆ ಎದ್ದು ಹೋಗಿ, "ಏನಿದು?" ಎಂದು ಒಂದು ಮಾತು ಕೇಳುತ್ತಿದ್ದ. ಮನಾಸೆ ಕೇಳುವುದಿಲ್ಲ. ಇನ್ಯಾವ ಪೊಲೀಸಾದರೂ ಗಂಡನನ್ನು ಎದುರಿಗೆ ಕೂರಿಸುತ್ತಿದ್ದರು. ಕಲೊಲೈನೆ ಕೂರಿಸುವುದಿಲ್ಲ. ನಡುವೆ ಮಾತು ದಾಟಿಸುತ್ತಿದ್ದವಳು ಒಬ್ಬಳೇ, ಅವಳೇ ಇಲ್ಲ. ಅಕ್ಕ ತಮ್ಮ ಇಬ್ಬರೂ ಒಂದೇ ಊರಲ್ಲಿ ಇಪ್ಪತ್ತೆಂಟು ದಿನ ಒಬ್ಬರನ್ನೊಬ್ಬರು ಶಂಕಿಸಿಕೊಂಡು, ಒಬ್ಬರಿಗೊಬ್ಬರು ತಲೆಬಾಗಿಕೊಂಡು ಕೂತರು.

"ಮನಾಸೆ, ಇದು ನಾನು ಬರ್ದಿದ್ದಲ್ಲ."

"ನಿಮ್ಮ ನಂಬರು."

"ಯಾರು ಹೇಳಿದ್ದು?"

"ಯಾರು ಹೇಳೋದು ಏನು? ನೀವು ಮೊದಲ ಫೋನ್ ತಗೊಂಡಾಗ ಲೆಸಿಯೇಲಿನೇ ಹಾಕಿಕೊಟ್ಟಿದ್ದು. ಅಕ್ಕ ಅಂತ. ಆವತ್ತಿಂದ ಇದೆ."

"ಎಷ್ಟು ಸಲ ಈ ನಂಬರಿಗೆ ಫೋನ್ ಮಾಡಿದೀಯ?"

"ನಾನ್ಯಾಕೆ ನಿಮಗೆ ಫೋನ್ ಮಾಡ್ಲಿ?" ಎಂದ ಅವನು. ಅಂಥ ಪ್ರಶ್ನೆಯೇ ಅಸಭ್ಯ ಎನ್ನುವಂತೆ ಅವನ ದನಿ ಇತ್ತು.

ಅವಳು 'ಅಕ್ಕ' ಎನ್ನುವ ಹೆಸರನ್ನು ಒತ್ತಿದಳು. ಕೆಳಗೆ ನಂಬರು ಮೂಡಿತು.

ಅದು ಅವಳದೇ ನಂಬರು. ಆದರೆ ಎರಡು ವರ್ಷದ ಹಿಂದಿನದು. ಠಾಣೆಯಿಂದ ಹೊಸ ನಂಬರು ಕೊಟ್ಟಾಗ ಊರಿಗೆಲ್ಲ ತಿಳಿಸಿದ್ದಳು. ಹಾಲು ಪುಡಿ ಮಾರುವವನಿಗೂ, ಪಾದ್ರಿಗೂ, ಲೆಸಿಯೇಲಿಗೂ. ತಮ್ಮನಿಗೆ ತಿಳಿಸಿರಲಿಲ್ಲ. ಅವನು ಯಾವತ್ತೂ ಮಾಡುವವನಲ್ಲ, ಅವಳೂ ಮಾಡುವವಳಲ್ಲ. ತಿಳಿಸಬೇಕು ಎಂದೇ ಇಬ್ಬರಿಗೂ ಅನ್ನಿಸಿರಲಿಲ್ಲ.

"ಇದು ನನ್ನ ಹತ್ರ ಇಲ್ಲ" ಎಂದಳು. ತನ್ನ ದನಿ ತನಗೇ ದೂರದಿಂದ ಬಂದಂತೆ ಕೇಳಿಸಿತು. "ಎರಡು ವರ್ಷ ಆಯ್ತು."

"ಮತ್ತೆ ಯಾರ ಹತ್ರ ಇದೆ?"

ಆ ಹಳೆಯ ಫೋನನ್ನು ಸಿಮ್ಮಿನ ಸಮೇತ ಯಾರ ಕೈಗೆ ಕೊಟ್ಟಿದ್ದಳೆಂದು ಅವಳಿಗೆ ಚೆನ್ನಾಗಿ ನೆನಪಿತ್ತು. ಈಸ್ಟರ್ ಹೊತ್ತಿಗೆ ಅವರು ಹೇಳಿದ್ದೂ ನೆನಪಿತ್ತು: 'ಅದು ಮಳೆನೀರಿನ ತೊಟ್ಟಿಗೆ ಬಿದ್ದು ಕೆಟ್ಟುಹೋಯ್ತು ಕಣೆ. ಬಿಸಾಕ್ದೆ.' ಮೂರು ತಿಂಗಳು ರೀಚಾರ್ಜು ಮಾಡದಿದ್ದರೆ ನಂಬರು ಸಾಯುತ್ತದೆ. ಈಸ್ಟರ್ ಕಳೆದು ಏಳು ತಿಂಗಳು. ಸತ್ತಿರಬೇಕು. ದೇವರೇ, ಸತ್ತಿರಲಿ.

ತನ್ನ ಫೋನು ತೆಗೆದು ಆ ನಂಬರನ್ನು ಒತ್ತಿ ಕಿವಿಗಿಟ್ಟಳು.

ರಿಂಗಾಯಿತು.

ಒಂದು ಸಲ. ಎರಡು ಸಲ. ನಾಲ್ಕನೆಯದಕ್ಕೆ ಯಾರೋ ಎತ್ತಿದರು. ಹಲೋ ಎನ್ನಲಿಲ್ಲ. ಫೋನಿನೊಳಗೆ ಟಕ್ ಟಕ್, ಟಕ್ ಟಕ್ ಎನ್ನುವ ಸದ್ದು ಕೇಳುತ್ತಿತ್ತು. ಇನ್ನೊಂದು ಕಿವಿಗೆ, ಶೆಡ್ಡಿನ ಬಾಗಿಲಿನಿಂದ, ರಸ್ತೆಯಾಚೆಯ ಅಂಗಳದಿಂದ ಅದೇ ಸದ್ದು ಬರುತ್ತಿತ್ತು.

ಅವಳು ತಲೆಯೆತ್ತಿ ನೋಡಿದಳು. ಹೆಂಗಸರು ಬಡಿಯುತ್ತಲೇ ಇದ್ದರು. ದಿಮ್ಮಿಯ ತಲೆಯ ಕಡೆ ಅಮ್ಮ ಇರಲಿಲ್ಲ. ಮನೆಯ ಕಿಟಕಿಯ ಹತ್ತಿರ ಬಿಳಿಯ ಕೂದಲು ಕಂಡಿತು.

"ಕಲೊ" ಎಂದರು ಅಮ್ಮ. ಶಾಲೆಯಲ್ಲಿ ಹಾಜರಿ ಕರೆಯುವಾಗಿನ ಅದೇ ದನಿ. "ತಮ್ಮನ ಜೊತೆ ಎಷ್ಟು ಹೊತ್ತು ಅಲ್ಲಿ ಕೂತಿರ್ತೀಯೆ? ಹೆಂಗಸರೆಲ್ಲ ನೋಡ್ತಿದಾರೆ. ನಾಚಿಕೆ ಆಗಲ್ವಾ?"

"ಲೆಸಿಯೇಲಿ ಎಲ್ಲಿ?"

"ಅದನ್ನ ಆಮೇಲೆ ಮಾತಾಡೋಣ. ನೀನೊಬ್ಬಳೇ ಬಾ, ಹೇಳ್ತೀನಿ. ಅವನಿಗೆ ಹೇಳೋ ಅಂಥದ್ದಲ್ಲ."

"ಬದುಕಿದಾಳಾ?"

"ಈಗ ಗಂಟೆ ಎಷ್ಟು ನೋಡ್ಕೋ. ಅವನು ಪ್ಲಾನು ಹಾಕಿಸ್ದೆ ಬಂದನಂತೆ. ಸೆಲುವಾಯಾ ಒಂದು ಗಂಟೆಗೆ ಬಾಗಿಲು ಹಾಕ್ತಾಳೆ, ನಾಳೆ ಭಾನುವಾರ. ನೀನೇ ಹೋಗಿ ಹಾಕಿಸ್ಬಿಡು."

"ನಾನಾ?"

"ಮತ್ತೆ ಯಾರು? ನೀನು ಅತ್ತೆ. ನಮ್ಮ ಪದ್ಧತಿಯಲ್ಲಿ ಆ ಮಗುವಿಗೆ ಅಪ್ಪನ ಅಕ್ಕನಿಗಿಂತ ದೊಡ್ಡವರು ಯಾರೂ ಇಲ್ಲ." ಅಮ್ಮ ಒಂದು ಉಸಿರು ತೆಗೆದುಕೊಂಡರು. "ನಾಳೆ ಮೆಸೇಜ್ ಬರ್ಲಿಲ್ಲ ಅಂದ್ರೆ ವೈಮೋ ನನ್ನನ್ನ ಕೇಳ್ತಾಳೆ. ನಾನು ನಿನ್ನ ಹತ್ರ ಕಳಿಸ್ತೀನಿ. ಅವಳ ಮುಖ ನೋಡಿ ಉತ್ತರ ಹೇಳೋ ಧೈರ್ಯ ಇದ್ರೆ ಹಾಕಿಸ್ಬೇಡ. ಇಲ್ದಿದ್ರೆ ಮೂರು ಪಾಂಗಾದ್ದು ಹಾಕ್ಸು. ಮೆಸೇಜಿಂದು. ಬೇರೆ ಯಾವುದೂ ಬೇಡ."

ಫೋನು ಇಟ್ಟ ಸದ್ದಾಯಿತು. ಕಿಟಕಿಯ ಬಳಿಯ ಬಿಳಿ ಕೂದಲು ಮರೆಯಾಯಿತು. ಒಂದು ನಿಮಿಷಕ್ಕೆ ಅಮ್ಮ ಅಂಗಳಕ್ಕೆ ಇಳಿದು ಬಂದು, ತಮ್ಮ ಜಾಗದಲ್ಲಿ ಕೂತು, ಬಡಿಗೆ ಕೈಗೆತ್ತಿಕೊಂಡರು.

ಕಲೊಲೈನೆ ಫೋನಿನಲ್ಲಿ ಗಂಟೆ ನೋಡಿದಳು. ಹಾಕಿಸಿದರೆ ಅವಳೂ ಅಪರಾಧದಲ್ಲಿ ಪಾಲುಗಾರ್ತಿ. ಹಾಕಿಸದಿದ್ದರೆ ನಾಳೆ ಒಂಬತ್ತು ವರ್ಷದ ಹುಡುಗಿ ಬಂದು ಎದುರು ನಿಲ್ಲುತ್ತಾಳೆ. ಹೆತ್ತ ತಾಯಿಯ ಮೇಲೆ ಅವಳಿಗೆ ಹುಟ್ಟಿದ್ದು ಸಿಟ್ಟಲ್ಲ, ಭಯ.

"ಅಕ್ಕ."

ಅವಳು ಅಂಗಳವನ್ನೇ ನೋಡುತ್ತಿದ್ದಳು.

"ಅಕ್ಕ, ಬದುಕಿದಾಳಾ ಅಂತ ಕೇಳಿದ್ರಲ್ಲ, ಯಾರನ್ನ ಕೇಳಿದ್ದು?"

ಮನಾಸೆ ಎದ್ದು ನಿಂತಿದ್ದ. ಗೋಡೆಯ ಕಡೆಯಿಂದ ಇತ್ತ ತಿರುಗಿದ್ದ. ಇಪ್ಪತ್ತಾರು ವರ್ಷದ ಮೇಲೆ ಮೊದಲ ಸಲ ಅವನು ಅಕ್ಕನ ಮುಖವನ್ನು ನೇರ ನೋಡುತ್ತಿದ್ದ. ಕಣ್ಣಲ್ಲಿ ನೀರಿತ್ತು, ಅದರ ಜೊತೆಗೆ, ಅವಳಿಂದ ನೋಡಲಾಗದಂಥ ಒಂದು ಆಸೆಯೂ ಇತ್ತು.

"ಲೆಸಿಯೇಲಿ ಬದುಕಿದಾಳೆ ಅಂದ್ರಾ ಅವರು?"